‘ಲೈಟ್‌ವೇಟ್ ಡಿಸ್ಟ್ರೋ’ ಅಂದರೆ ಏನು, ಏನಲ್ಲ

ಮಡಿಕೇರಿಯಿರಲಿ, ಕುಶಾಲನಗರವಿರಲಿ, ಗೋಣಿಕೊಪ್ಪವಿರಲಿ, ಹಳೆ ಕಂಪ್ಯೂಟರಿನ ಮಾತು ಬಂದರೆ ಸಿಗುವ ಸಲಹೆ ಒಂದೇ: ‘ಲೈಟ್‌ವೇಟ್ ಡಿಸ್ಟ್ರೋ ಹಾಕು, ಗೇಮ್ ಸರಾಗವಾಗಿ ಓಡುತ್ತೆ.’ ಡಿಸ್ಟ್ರೋ ಅಂದರೆ ವಿಂಡೋಸ್ ಬದಲು ಹಾಕಿಕೊಳ್ಳುವ ಲಿನಕ್ಸ್‌ನ ಒಂದು ರೂಪ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತ ಮೇಲಂತೂ ಈ ಮಾತು ಮಂತ್ರವೇ ಆಗಿಬಿಟ್ಟಿದೆ. ವಿಂಡೋಸ್ 11ಕ್ಕೆ ಒಗ್ಗದ, ಆಫೀಸುಗಳು ಕೈಬಿಟ್ಟ ಮೂರನೇ, ನಾಲ್ಕನೇ ತಲೆಮಾರಿನ ಐ5 ಪಿಸಿಗಳೇ ನಮ್ಮ ಎಷ್ಟೋ ಮನೆಗಳಲ್ಲಿ ಮಕ್ಕಳ ಗೇಮಿಂಗ್ ಯಂತ್ರ. ಸಲಹೆ ನಂಬಿ ಒಂದಾದ ಮೇಲೊಂದು ಐಎಸ್‌ಒ (ಡಿಸ್ಟ್ರೋದ ಇನ್‌ಸ್ಟಾಲ್ ಫೈಲ್) ಇಳಿಸಿಕೊಂಡ ಹುಡುಗರು ಮೊಬೈಲ್ ಡೇಟಾ ಕರಗಿಸಿ, ಕೊನೆಗೆ ‘ಲಿನಕ್ಸ್‌ನಲ್ಲಿ ಗೇಮ್ ಆಗಲ್ಲ’ ಅಂದುಕೊಂಡು ಬಿಟ್ಟುಬಿಡುತ್ತಾರೆ. ಬೇಸರವಾಗುವುದು ಅದಕ್ಕೆ. ತಪ್ಪು ಲಿನಕ್ಸ್‌ನದಲ್ಲ, ಯಂತ್ರದ್ದೂ ಅಲ್ಲ. ಪದವನ್ನು ಅದು ಹೇಳದೇ ಇರುವ ಅರ್ಥಕ್ಕೆ ಎಳೆದದ್ದರಿಂದ ಆದ ನಷ್ಟ ಇದು.

ಮೊದಲು ‘ಡಿಸ್ಟ್ರೋ’. 1991ರಲ್ಲಿ ಲೈನಸ್ ಟೊರ್ವಾಲ್ಡ್ಸ್ ಹೊರಬಿಟ್ಟದ್ದು ಬರೀ ಕರ್ನೆಲ್, ಅಂದರೆ ಯಂತ್ರಾಂಶವನ್ನು ನಡೆಸುವ ತಿರುಳು. ಅದೊಂದನ್ನೇ ಇಟ್ಟುಕೊಂಡು ಬಳಕೆದಾರ ಮಾಡುವುದೇನೂ ಇರಲಿಲ್ಲ. ಕಂಪೈಲರ್, ಶೆಲ್, ಎಡಿಟರ್‌ಗಳನ್ನೆಲ್ಲ ಬೇರೆ ಬೇರೆ ಕಡೆಯಿಂದ ಹೆಕ್ಕಿ ತಂದು ಹೊಂದಿಸಿಕೊಳ್ಳಬೇಕಿತ್ತು. ಆ ಹೆಕ್ಕುವ ಕೆಲಸವನ್ನು ತಾವೇ ಮಾಡಿ, ಫ್ಲಾಪಿಗಳ ಗಂಟು ಕಟ್ಟಿ ಹಂಚಿದವರು 1992ರ ಎಸ್‌ಎಲ್‌ಎಸ್‌ನವರು. 1993ರಲ್ಲಿ ಸ್ಲ್ಯಾಕ್‌ವೇರ್, ಡೆಬಿಯನ್ ಬಂದವು. ಹಂಚಿದ ಗಂಟು ಎಂಬ ಅರ್ಥದಲ್ಲೇ ‘ಡಿಸ್ಟ್ರಿಬ್ಯೂಷನ್’. ಯಾವ ಗಂಟು ಬಿಚ್ಚಿದರೂ ಗೇಮಿಗೆ ಬೇಕಾದ ಸರಕು ಅದೇ: ಅದೇ ಕರ್ನೆಲ್, ಅದೇ ಮೆಸಾ (ಗ್ರಾಫಿಕ್ಸ್ ಡ್ರೈವರ್‌ಗಳ ಸಂಗ್ರಹ), ಅದೇ ವೈನ್ (ವಿಂಡೋಸ್ ಪ್ರೋಗ್ರಾಂಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ತಂತ್ರಾಂಶ). ಬೇರೆಯಾಗುವುದು ಆ ಸರಕಿನ ಆವೃತ್ತಿ, ಅಪ್‌ಡೇಟ್ ಬರುವ ರೀತಿ, ಮೇಲೆ ಹೊದಿಸಿದ ಡೆಸ್ಕ್‌ಟಾಪ್.

‘ಲೈಟ್‌ವೇಟ್’ ಅನ್ನುವುದು ಬಹುತೇಕ ಆ ಹೊದಿಕೆಯ ಮಾತು. ಗ್ನೋಮ್ ಎಂಬ ಭಾರದ ಡೆಸ್ಕ್‌ಟಾಪ್ ಬದಲು ಹಗುರದ ಎಕ್ಸ್‌ಎಫ್‌ಸಿಇ, ಎಲ್‌ಎಕ್ಸ್‌ಕ್ಯೂಟಿ ಅಥವಾ ಬರೀ ವಿಂಡೋ ಮ್ಯಾನೇಜರ್ ಇದ್ದರೆ, ಏನನ್ನೂ ತೆರೆಯದೆ ಸುಮ್ಮನಿರುವಾಗ ಯಂತ್ರ ನುಂಗುವ ರ‍್ಯಾಮ್ ಕೆಲವು ನೂರು ಎಂಬಿ ಕಡಿಮೆಯಾಗುತ್ತದೆ. ಹಿನ್ನೆಲೆಯಲ್ಲಿ ಓಡುವ ಸೇವೆಗಳೂ ಕಡಿಮೆ. ಅಷ್ಟೇ ಅದರ ಅಳತೆ. ಜೀಪಿನ ಕ್ಯಾರಿಯರ್ ಬಿಚ್ಚಿದರೆ ತೂಕ ಇಳಿಯುತ್ತದೆ, ಎಂಜಿನ್ ಬದಲಾಗುವುದಿಲ್ಲ. ಗೇಮ್ ಶುರುವಾದ ಮೇಲೆ ಕೆಲಸ ಹೆಚ್ಚಾಗಿ ಗ್ರಾಫಿಕ್ಸ್ ಚಿಪ್ಪಿನದು, ಅದರ ಡ್ರೈವರಿನದು. ಹಿಂದೆ ಕೂತ ಡೆಸ್ಕ್‌ಟಾಪ್ ಹಗುರವೋ ಭಾರವೋ, ಫ್ರೇಮ್ ರೇಟ್‌ಗೆ ಅದರಿಂದ ಆಗುವುದು ಬಹಳ ಕಡಿಮೆ.

4 ಜಿಬಿ ರ‍್ಯಾಮ್ ಇದ್ದರೆ ಮಾತು ಬೇರೆ. ಅಲ್ಲಿ ಉಳಿಸಿದ ನಾನೂರು ಎಂಬಿಯೂ ಸ್ವಾಪ್‌ಗೆ (ರ‍್ಯಾಮ್ ಸಾಲದೆ ಡಿಸ್ಕನ್ನೇ ಬಳಸುವುದಕ್ಕೆ) ಬೀಳುವುದನ್ನು ತಡೆಯುತ್ತದೆ. ಹಾರ್ಡ್ ಡಿಸ್ಕ್ ಕರಕರ ಅನ್ನುತ್ತ ಗೇಮ್ ನಿಂತು ನಿಂತು ಓಡುವ ಕಾಟ ತಪ್ಪುತ್ತದೆ. ಜೊತೆಗೆ ಜಿರ‍್ಯಾಮ್ ಹಾಕಿಕೊಳ್ಳಿ, ಸ್ವಾಪ್‌ಗೆ ಹೋಗಬೇಕಾದದ್ದನ್ನು ಅದು ಒತ್ತಿ ರ‍್ಯಾಮಿನಲ್ಲೇ ಇಡುತ್ತದೆ. 8 ಜಿಬಿ ಇದ್ದವರಿಗೆ ಈ ಚಿಂತೆ ಬೇಡ. ಬೇರೆ ಕಾರ್ಡ್ ಇಲ್ಲದೆ ಇಂಟೆಲ್ ಗ್ರಾಫಿಕ್ಸ್ ಒಂದನ್ನೇ ನಂಬಿದ್ದರೆ, 8 ಜಿಬಿಯದ್ದು ಒಂದು ಕಡ್ಡಿ ಹಾಕುವ ಬದಲು 4 ಜಿಬಿಯ ಎರಡು ಹಾಕಿ. ಆ ಚಿಪ್ಪು ಸಿಸ್ಟಮ್ ರ‍್ಯಾಮನ್ನೇ ಬಳಸುವುದರಿಂದ ಎರಡು ಚಾನೆಲ್ ಸಿಕ್ಕರೆ ಗೇಮಿನಲ್ಲಿ ಕಣ್ಣಿಗೆ ಕಾಣುವ ಲಾಭವಿದೆ. ಯಾವ ಹಗುರ ಡಿಸ್ಟ್ರೋವೂ ಅಷ್ಟು ಕೊಡಲಾರದು.

ಹಾಗಾದರೆ ನೋಡಬೇಕಾದ್ದು ಏನು? ವಲ್ಕನ್, ಅಂದರೆ ಗೇಮ್ ಗ್ರಾಫಿಕ್ಸ್ ಚಿಪ್ಪಿನ ಜೊತೆ ಮಾತಾಡುವ ಒಂದು ಭಾಷೆ. ವಿಂಡೋಸ್ ಗೇಮನ್ನು ಲಿನಕ್ಸ್‌ನ ಸ್ಟೀಮ್‌ನಲ್ಲಿ (ವಾಲ್ವ್ ಕಂಪನಿಯ ಗೇಮ್ ಅಂಗಡಿ) ಓಡಿಸುವುದು 2018ರಲ್ಲಿ ವಾಲ್ವ್ ತಂದ ಪ್ರೋಟಾನ್. ಅದರೊಳಗಿನ ಡಿಎಕ್ಸ್‌ವಿಕೆ, ಗೇಮಿನ ಡೈರೆಕ್ಟ್3ಡಿ (ವಿಂಡೋಸ್‌ನ ಗ್ರಾಫಿಕ್ಸ್ ಭಾಷೆ) ಕರೆಗಳನ್ನು ವಲ್ಕನ್‌ಗೆ ತಿರುಗಿಸುತ್ತದೆ. ಪ್ರೋಟಾನ್ 8ರಿಂದ ಈಚೆಗೆ ಅದಕ್ಕೆ ವಲ್ಕನ್ 1.3 ಬೇಕೇ ಬೇಕು. ಸೆಕೆಂಡ್ ಹ್ಯಾಂಡ್ ಪಿಸಿಗಳಲ್ಲಿ ಪದೇ ಪದೇ ಕಣ್ಣಿಗೆ ಬೀಳುವ ಎನ್‌ವಿಡಿಯಾ ಜಿಟಿ 710 ಕಾರ್ಡನ್ನೇ ತೆಗೆದುಕೊಳ್ಳಿ. ಅದಕ್ಕೆ ಕೊನೆಯದಾಗಿ ಬಂದ ಡ್ರೈವರ್ ಸರಣಿ 470, ಅದು ಕೊಡುವುದು ವಲ್ಕನ್ 1.2. ಹೊಸ ಪ್ರೋಟಾನ್‌ನಲ್ಲಿ ಪ್ಲೇ ಒತ್ತಿದರೆ ಡೈರೆಕ್ಟ್3ಡಿ 11ರ ಗೇಮ್ ತೆರೆದಂತೆ ಮಾಡಿ ಮುಚ್ಚಿಕೊಳ್ಳುತ್ತದೆ. ಆಗ ‘ಇನ್ನೂ ಲೈಟ್ ಆದದ್ದು ಹಾಕು’ ಅನ್ನುವವರಿಗೆ ನಾನು ಹೇಳುವುದಿಷ್ಟೇ: ಗೇಮಿನ ಪ್ರಾಪರ್ಟೀಸ್‌ಗೆ ಹೋಗಿ, ಕಂಪ್ಯಾಟಿಬಿಲಿಟಿಯಲ್ಲಿ ಪ್ರೋಟಾನ್ 7 ಆರಿಸಿ. ಅದರ ಹಳೆಯ ಡಿಎಕ್ಸ್‌ವಿಕೆಗೆ 1.3 ಬೇಡ.

ಡಿಸ್ಟ್ರೋ ಆಯ್ಕೆಗೆ ನಿಜವಾದ ಬೆಲೆ ಬರುವುದು ಇಲ್ಲೇ, ಅದೂ ಜನ ಅಂದುಕೊಂಡದ್ದಕ್ಕೆ ತಿರುಗುಮುರುಗಾಗಿ. 470 ಡ್ರೈವರ್ ಹೊಸ ಹೊಸ ಕರ್ನೆಲ್‌ಗಳ ಜೊತೆ ತಾನಾಗಿ ಹೊಂದಿಕೊಳ್ಳುವುದಿಲ್ಲ. ಉಬುಂಟು 24.04ರ ಭಂಡಾರದಲ್ಲಿ, ಹಾಗಾಗಿ ಅದರ ಮೇಲೆ ನಿಂತ ಲಿನಕ್ಸ್ ಮಿಂಟ್ 22ರಲ್ಲಿ, ಅದು ಸಿದ್ಧವಾಗಿ ಸಿಗುತ್ತದೆ. ಡ್ರೈವರ್ ಮ್ಯಾನೇಜರ್‌ನಲ್ಲಿ ಒಂದು ಕ್ಲಿಕ್. ಆರ್ಚ್‌ನಲ್ಲಾದರೆ ಎಯುಆರ್‌ನಿಂದ (ಬಳಕೆದಾರರೇ ನಡೆಸುವ ಭಂಡಾರ) ತಂದು, ಕರ್ನೆಲ್ ಬದಲಾದಾಗಲೆಲ್ಲ ಅದು ಕಂಪೈಲ್ ಆಯಿತೋ ಇಲ್ಲವೋ ಎಂದು ಕಾಯಬೇಕು. ಎಎಂಡಿ, ಇಂಟೆಲ್ ಚಿಪ್ಪಾದರೆ ಲೆಕ್ಕ ಉಲ್ಟಾ: ಅವುಗಳ ಡ್ರೈವರ್ ಕರ್ನೆಲ್ ಮತ್ತು ಮೆಸಾದೊಳಗೇ ಇದೆ, ಹೊಸದಾದಷ್ಟೂ ಒಳ್ಳೆಯದು. ರೇಡಿಯಾನ್ ಎಚ್‌ಡಿ 7000 ಸಾಲಿನ ಜಿಸಿಎನ್ (ಎಎಂಡಿಯ ಚಿಪ್ ವಿನ್ಯಾಸ) ಕಾರ್ಡಿದ್ದವರು ಒಂದು ವಿಷಯ ಗಮನಿಸಿ. ಹಳೆ ಕರ್ನೆಲ್‌ಗಳು ಅದಕ್ಕೆ ‘ರೇಡಿಯಾನ್’ ಎಂಬ ಡ್ರೈವರ್ ಹಚ್ಚುತ್ತವೆ, ಅದರಲ್ಲಿ ವಲ್ಕನ್ ಇಲ್ಲ. ಬೂಟ್ ಆಯ್ಕೆಯಲ್ಲಿ ‘ಎಎಂಡಿಜಿಪಿಯು’ಗೆ ಬದಲಿಸಿದರೆ ಅದೇ ಕಾರ್ಡಿಗೆ ವಲ್ಕನ್ ಬರುತ್ತದೆ. ಇಂಟೆಲ್‌ನಲ್ಲಿ ಎರಡನೇ ತಲೆಮಾರಿಗೆ ವಲ್ಕನ್ ಇಲ್ಲವೇ ಇಲ್ಲ. ಮೂರು, ನಾಲ್ಕನೆಯದ್ದಕ್ಕೆ ಬೆಂಬಲ ಅಪೂರ್ಣ ಎಂದು ಮೆಸಾವೇ ಎಚ್ಚರಿಸುತ್ತದೆ. ಅಂಥ ಯಂತ್ರದಲ್ಲಿ ಓಪನ್‌ಜಿಎಲ್ (ವಲ್ಕನ್‌ಗಿಂತ ಹಳೆಯ ಗ್ರಾಫಿಕ್ಸ್ ಭಾಷೆ) ದಾರಿಯ, ವೈನ್ ಒಳಗಿನ ವೈನ್‌ಡಿ3ಡಿ ಬಳಸಿ ಡೈರೆಕ್ಟ್3ಡಿ 9ರ ಕಾಲದ ಗೇಮ್‌ಗಳನ್ನು ಆಡಿ. ಸೂಪರ್‌ಟಕ್ಸ್‌ಕಾರ್ಟ್, ವೆಸ್ನಾತ್ ತರಹ ಲಿನಕ್ಸ್‌ಗೇ ಇರುವವೂ ಇವೆ.

ಅತಿ ಹಗುರದ ಕಡೆ ವಾಲಿದವರಿಗೆ ಇನ್ನೂ ಒಂದು ಏಟು ಕಾದಿದೆ. ಪಪ್ಪಿ, ಆಂಟಿಎಕ್ಸ್‌ಗಳ 32-ಬಿಟ್ ಐಎಸ್‌ಒ ಚಿಕ್ಕದೆಂದು ಅದನ್ನೇ ಹಾಕಿಕೊಂಡರೆ ಪ್ರೋಟಾನ್ ಓಡದು, ಅದಕ್ಕೆ 64-ಬಿಟ್ ವ್ಯವಸ್ಥೆಯೇ ಬೇಕು. ಆಲ್ಪೈನ್ ಇನ್ನೂ ಸಪೂರ, ಆದರೆ ಅದು ನಿಂತಿರುವುದು ಮಸಲ್ ಎಂಬ ಮೂಲ ಲೈಬ್ರರಿಯ ಮೇಲೆ. ಸ್ಟೀಮ್ ಕೇಳುವುದು ಇನ್ನೊಂದು ಲೈಬ್ರರಿ, ಜಿಲಿಬ್‌ಸಿ. ಹಗುರ ಮಾಡಲು ಕಿತ್ತು ಹಾಕಿದ್ದರಲ್ಲಿ ಗೇಮಿಗೆ ಬೇಕಾದದ್ದೂ ಹೋಗಿರುತ್ತದೆ. ‘ಗೇಮಿಂಗ್ ಡಿಸ್ಟ್ರೋ’ ಎಂಬ ಹೆಸರೂ ಹಳೆ ಯಂತ್ರಕ್ಕೆ ಹೆಚ್ಚೇನೂ ತರುವುದಿಲ್ಲ. ಹೊಸ ಪ್ರೊಸೆಸರ್‌ಗಳಿಗೆಂದು ಎಕ್ಸ್86-64-ವಿ3 ಮಟ್ಟಕ್ಕೆ ಕಟ್ಟಿದ ಪ್ಯಾಕೇಜುಗಳು ಎವಿಎಕ್ಸ್2 ಎಂಬ ಪ್ರೊಸೆಸರ್ ಸೌಲಭ್ಯ ಕೇಳುತ್ತವೆ, ಅದು ಇಂಟೆಲ್‌ಗೆ ಬಂದದ್ದೇ 2013ರ ಹ್ಯಾಸ್ವೆಲ್‌ನಲ್ಲಿ, ಅಂದರೆ ನಾಲ್ಕನೇ ತಲೆಮಾರಿನಲ್ಲಿ. ಮೂರನೇ ತಲೆಮಾರಿನ ಐ5ನಲ್ಲಿ ಅವು ಓಡವು. ವ್ಯಾಲರಂಟ್ ಆಡಲೆಂದು ಡಿಸ್ಟ್ರೋ ಹುಡುಕುತ್ತಿದ್ದರೆ ಹುಡುಕಾಟ ನಿಲ್ಲಿಸಿ. ಅದರ ಆಂಟಿ-ಚೀಟ್ (ಆಟದಲ್ಲಿ ಮೋಸ ತಡೆಯುವ ತಂತ್ರಾಂಶ) ಲಿನಕ್ಸನ್ನು ಒಪ್ಪುವುದೇ ಇಲ್ಲ.

ನಮ್ಮ ಜಿಲ್ಲೆಯಲ್ಲಿ ಹಗುರ ಅನ್ನುವ ಮಾತಿಗೆ ರ‍್ಯಾಮಿಗಿಂತ ಹೆಚ್ಚು ಒಪ್ಪುವ ಅಳತೆ ಇನ್ನೊಂದಿದೆ: ಡೌನ್‌ಲೋಡ್. ಕಕ್ಕಡ ತಿಂಗಳ (ಜುಲೈ–ಆಗಸ್ಟ್) ಮಳೆಯಲ್ಲಿ ಮರ ಬಿದ್ದು ಲೈನ್ ಹರಿದರೆ ನಾಪೋಕ್ಲು, ಶ್ರೀಮಂಗಲದ ಕಡೆ ಕರೆಂಟೂ ಇಲ್ಲ, ನೆಟ್ಟೂ ಇಲ್ಲ. ವಾರವಾರ ನೂರಾರು ಪ್ಯಾಕೇಜು ಬದಲಿಸುವ ರೋಲಿಂಗ್ ಡಿಸ್ಟ್ರೋ, ಅಪ್‌ಡೇಟ್ ಅರ್ಧಕ್ಕಿರುವಾಗ ಕರೆಂಟ್ ಹೋಗಿ ಬೂಟ್ ಆಗದೆ ಕೂತರೆ, ರಿಪೇರಿಗೆ ಬೇಕಾದ ನೆಟ್ಟೇ ಇರುವುದಿಲ್ಲ. ಫ್ಲ್ಯಾಟ್‌ಪ್ಯಾಕ್ ರೂಪದ ಆ್ಯಪ್‌ಗಳು ತಾವು ಓಡಲು ಬೇಕಾದ ರನ್‌ಟೈಮ್ ಸಮೇತ ಬರುವುದರಿಂದ ಚಿಕ್ಕ ಆ್ಯಪ್‌ಗೂ ದೊಡ್ಡ ಡೌನ್‌ಲೋಡ್. ಇಲ್ಲಿ ಹಳೆ ಪಿಸಿಗೆ ನಾನು ಹೇಳುವುದು ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಅಥವಾ ಡೆಬಿಯನ್. ಹಗುರ ಎಂಬ ಕಾರಣಕ್ಕಲ್ಲ, ಎರಡು ತಿಂಗಳು ಮುಟ್ಟದೇ ಬಿಟ್ಟರೂ ಮುರಿಯದು ಎಂಬ ಕಾರಣಕ್ಕೆ. ದೊಡ್ಡ ಅಪ್‌ಡೇಟ್, ಗೇಮ್ ಫೈಲು ಎಲ್ಲವನ್ನೂ ಮೇ ತಿಂಗಳೊಳಗೆ ಇಳಿಸಿಕೊಂಡು, ಸ್ಟೀಮನ್ನು ಆಫ್‌ಲೈನ್ ಮೋಡ್‌ನಲ್ಲಿ ಒಮ್ಮೆ ತೆರೆದು ನೋಡಿ.