ಓದು ಮುಗಿಯೋ ಮೊದಲೇ ಮುಗಿಯುವ ವೀಸಾ: ಎಫ್-1 ಸ್ಟಾಂಪಿಂಗ್ ಹಿಂದಿನ ಕತೆ

ಅಮೆರಿಕದಲ್ಲಿ ಪಿಎಚ್‌ಡಿ ಮಾಡುವವರಿಗೆ ಐದನೇ ವರ್ಷದ ಹೊತ್ತಿಗೆ ಒಂದು ಚಿಂತೆ ಶುರುವಾಗುತ್ತದೆ. ಭಾರತೀಯರಿಗೆ ಎಫ್-1, ಅಂದರೆ ವಿದ್ಯಾರ್ಥಿ ವೀಸಾ ಸಿಗುವುದು ಹೆಚ್ಚೆಂದರೆ 5 ವರ್ಷಕ್ಕೆ. ಪಾಸ್‌ಪೋರ್ಟಿನಲ್ಲಿರುವ ದಿನಾಂಕ ಹತ್ತಿರ ಬರುತ್ತಿರುತ್ತದೆ, ಥೀಸಿಸ್ ಮಾತ್ರ ದೂರವೇ ಇರುತ್ತದೆ. ವೀಸಾ ಮುಗಿದ ಮೇಲೂ ಅಲ್ಲಿರಬಹುದಾ? ಇರಬಹುದು. ಅಲ್ಲೇ ಕೂತು ಪಾಸ್‌ಪೋರ್ಟಿಗೆ ಹೊಸ ವೀಸಾ ಹಾಕಿಸಬಹುದಾ, ಅಂದರೆ ಸ್ಟಾಂಪಿಂಗ್ ಮಾಡಿಸಬಹುದಾ? ಆಗುವುದಿಲ್ಲ. ಊರಿಗೆ ಹೋಗಿ ವಾಪಸ್ ಬರಬಹುದಾ? ಅದನ್ನು ದೂತಾವಾಸದ ಕಿಟಕಿಯ ಆಚೆ ಕೂತವರು ಹೇಳಬೇಕು.

ಈ ಗೋಜಲಿಗೆ ಮೂಲ ಇಷ್ಟೇ: ಒಳಗೆ ಬರಲು ಒಂದು ಕಾಗದ, ಒಳಗೆ ಇರಲು ಇನ್ನೊಂದು. ವೀಸಾ ಕೊಡುವುದು ವಿದೇಶಾಂಗ ಇಲಾಖೆ. ಅದು ಬಾಗಿಲ ತನಕದ ಮಾತು. ಬಾಗಿಲು ದಾಟಿದ ಮೇಲೆ ಎಷ್ಟು ದಿನ ಇರಬಹುದು ಅನ್ನುವುದು ಐ-94 ಎಂಬ ದಾಖಲೆಯಲ್ಲಿರುತ್ತದೆ. ಅದನ್ನು ನೋಡಿಕೊಳ್ಳುವುದು ಬೇರೆ ಇಲಾಖೆ. ವಿದ್ಯಾರ್ಥಿಯ ಐ-94ರಲ್ಲಿ ದಿನಾಂಕದ ಬದಲು 'ಡಿ/ಎಸ್' ಅಂತ ಇರುತ್ತದೆ. ಅಂದರೆ ಕಾಲೇಜು ಕೊಟ್ಟ ಐ-20 ಎಂಬ ದಾಖಲೆ ಚಾಲ್ತಿಯಲ್ಲಿದ್ದು, ನಿಯಮದ ಪ್ರಕಾರ ಓದುತ್ತಿರುವಷ್ಟು ಕಾಲ ಇರಬಹುದು.

1924ರ ಕಾನೂನು ವಿದ್ಯಾರ್ಥಿಗಳನ್ನು ವಲಸೆಯ ಕೋಟಾದಿಂದ ಹೊರಗಿಟ್ಟಿತು. 1952ರ ಕಾನೂನು ಅವರಿಗೆ 'ಎಫ್' ಅನ್ನುವ ಅಕ್ಷರ ಕೊಟ್ಟಿತು. ಜೊತೆಗೆ ಒಂದು ಷರತ್ತನ್ನೂ ಇಟ್ಟಿತು: ತವರು ದೇಶದಲ್ಲಿ ಮನೆ ಇರಬೇಕು, ಅದನ್ನು ಬಿಟ್ಟುಬಿಡುವ ಉದ್ದೇಶ ಇರಬಾರದು. ಪ್ರತಿ ಸಲ ವೀಸಾ ಕೇಳುವಾಗಲೂ ಇದನ್ನು ಹೊಸದಾಗಿ ಸಾಬೀತು ಮಾಡಬೇಕು. ಮೊದಲ ಸಲ ಹೊರಟವರಿಗೆ ಈ ಪ್ರಶ್ನೆ ಸರಿಯೇ. ಆರು ವರ್ಷ ಅಲ್ಲೇ ಬಾಡಿಗೆ ಕಟ್ಟಿಕೊಂಡು, ಪಾಠ ಹೇಳಿಕೊಂಡು ಬದುಕಿದವರು ಏನು ತೋರಿಸಬೇಕು? ಇದು ನನಗೆ ಇವತ್ತಿಗೂ ಸರಿ ಕಾಣುವುದಿಲ್ಲ.

ಮೊದಲು ವಿದ್ಯಾರ್ಥಿಗಳಿಗೂ ಐ-94ರಲ್ಲಿ ದಿನಾಂಕವೇ ಇರುತ್ತಿತ್ತು. ಅವಧಿ ವಿಸ್ತರಣೆಯ ಅರ್ಜಿಗಳು ಜಾಸ್ತಿಯಾಗಿ ಕಚೇರಿಗಳಿಗೆ ಹೊರೆಯಾದವು. ಅದಕ್ಕೇ 1979ರಲ್ಲಿ ಡಿ/ಎಸ್ ತಂದರು, 1981ರಲ್ಲಿ ತೆಗೆದರು, 1983ರಲ್ಲಿ ಮತ್ತೆ ತಂದರು.

ಆಮೇಲೆ 2001ರ ಸೆಪ್ಟೆಂಬರ್ 11 ಬಂತು. ಅದಾಗಿ ಸರಿಯಾಗಿ ಆರು ತಿಂಗಳಿಗೆ, ವಿಮಾನ ಅಪಹರಿಸಿ ಸತ್ತಿದ್ದ ಇಬ್ಬರ ವಿದ್ಯಾರ್ಥಿ ಸ್ಟೇಟಸ್ ಮಂಜೂರಾಗಿದೆ ಅನ್ನುವ ಕಾಗದ ಫ್ಲೋರಿಡಾದ ವಿಮಾನ ತರಬೇತಿ ಶಾಲೆಗೆ ಅಂಚೆಯಲ್ಲಿ ಬಂತು. ಇಡೀ ದೇಶ ಬೆಚ್ಚಿತು. ವಿದ್ಯಾರ್ಥಿಗಳ ವಿವರ ಒಂದೇ ಕಡೆ ಇಡಬೇಕೆಂದು 1996ರ ಕಾನೂನೇ ಹೇಳಿತ್ತು. ಆ ಕೆಲಸಕ್ಕೆ ಈಗ ಅವಸರ ಬಂತು. 2003ರಲ್ಲಿ ಸೇವಿಸ್ ಎಂಬ ಗಣಕ ವ್ಯವಸ್ಥೆ ಜಾರಿಯಾಯಿತು. ಅದೇ ಆಗಸ್ಟಿನಿಂದ ವೀಸಾ ಕೇಳುವ ಬಹುತೇಕ ಎಲ್ಲರಿಗೂ ಖುದ್ದು ಸಂದರ್ಶನ ಕಡ್ಡಾಯವಾಯಿತು.

ನಾನು ಹತ್ತಿರದಿಂದ ಕಂಡ ಕಾಲ ಇದು. ವಿಜ್ಞಾನ, ಎಂಜಿನಿಯರಿಂಗ್ ಓದುವವರಿಗೆ 'ವೀಸಾಸ್ ಮ್ಯಾಂಟಿಸ್' ಎಂಬ ತಪಾಸಣೆ ಇತ್ತು. ಸೂಕ್ಷ್ಮ ತಂತ್ರಜ್ಞಾನ ಹೊರಗೆ ಹೋಗಬಾರದು ಅನ್ನುವುದು ಅದರ ಉದ್ದೇಶ. ನಮ್ಮ ಲ್ಯಾಬಿನ ಗೆಳತಿಯೊಬ್ಬಳು ಮೂರು ವಾರಕ್ಕೆ ಅಂತ ಊರಿಗೆ ಹೋದಳು. ಹೋಗುವಾಗ ತನ್ನ ಸೆಲ್ ಕಲ್ಚರ್‌ಗಳನ್ನು, ಅಂದರೆ ಲ್ಯಾಬಿನಲ್ಲಿ ಬೆಳೆಸುವ ಜೀವಕೋಶಗಳನ್ನು, ನೋಡಿಕೊಳ್ಳಲು ನನಗೆ ಹೇಳಿದ್ದಳು. ಎರಡು ದಿನಕ್ಕೊಮ್ಮೆ ಅವು ಬೆಳೆಯುವ ದ್ರವ (ಮೀಡಿಯಾ) ಬದಲಿಸಬೇಕು, ಅಷ್ಟೇ. ವಾರಗಳು ಹೋದವು, ಅವಳ ಪಾಸ್‌ಪೋರ್ಟ್ ವಾಪಸ್ ಬರಲಿಲ್ಲ. ನಾಲ್ಕು ತಿಂಗಳ ಮೇಲೆ ಅವಳು ಬಂದಾಗ ಆ ಸೆಲ್‌ಗಳು ಪ್ರಯೋಗಕ್ಕೆ ಬರುವ ಹಾಗೆ ಇರಲಿಲ್ಲ. ಅವಳು ಮತ್ತೆ ಮೊದಲಿನಿಂದ ಶುರು ಮಾಡಿದಳು. ಅದನ್ನು ನೋಡಿದ ಮೇಲೆ ನಾವು ಉಳಿದವರು ಪ್ರತಿ ಬೇಸಿಗೆಯೂ ಸುಮ್ನೆ ಅಲ್ಲೇ ಉಳಿದೆವು.

ಅವಳೊಬ್ಬಳದೇ ಕತೆ ಅಲ್ಲ. ಅಮೆರಿಕ ಸಂಸತ್ತಿನ ಪರವಾಗಿ ಲೆಕ್ಕ ತಪಾಸಣೆ ಮಾಡುವ ಜಿಎಒ 2004ರ ಫೆಬ್ರವರಿಯಲ್ಲಿ ಒಂದು ವರದಿ ಕೊಟ್ಟಿತು. ಅದರ ಪ್ರಕಾರ ಮ್ಯಾಂಟಿಸ್ ತಪಾಸಣೆಗೆ ಸರಾಸರಿ 67 ದಿನ ಹಿಡಿಯುತ್ತಿತ್ತು. ವಿದೇಶಾಂಗ ಇಲಾಖೆಯ ಕಂಪ್ಯೂಟರಿಗೂ ಎಫ್‌ಬಿಐ ಕಂಪ್ಯೂಟರಿಗೂ ಹೊಂದಾಣಿಕೆ ಇರಲಿಲ್ಲ. ತಡಕ್ಕೆ ಅದೂ ಒಂದು ಕಾರಣ. ವಿಶ್ವವಿದ್ಯಾಲಯಗಳು, ವಿಜ್ಞಾನಿಗಳು ಗಟ್ಟಿಯಾಗಿ ದನಿ ಎತ್ತಿದರು. 2004ರ ಕೊನೆಗೆ ಅದು ಸುಮಾರು 15 ದಿನಕ್ಕೆ ಇಳಿಯಿತು. 2005ರಲ್ಲಿ, ಒಮ್ಮೆ ಆದ ತಪಾಸಣೆ ವಿದ್ಯಾರ್ಥಿಗೆ 4 ವರ್ಷದ ತನಕ ನಡೆಯುತ್ತದೆ ಎಂದಾಯಿತು. ಮನಸ್ಸು ಮಾಡಿದರೆ ಆಗುತ್ತದೆ, ಅಲ್ವಾ?

ಆದರೆ ಅಲ್ಲೇ ಇದ್ದು ವೀಸಾ ಮಾಡಿಸುವ ದಾರಿ ಮಾತ್ರ ತೆರೆಯಲಿಲ್ಲ. ಎಚ್, ಎಲ್‌ನಂಥ ಉದ್ಯೋಗ ವೀಸಾದವರಿಗೆ ಆ ಸೌಲಭ್ಯ ಮೊದಲು ಇತ್ತು. ಬೆರಳಚ್ಚು ಕಡ್ಡಾಯವಾದಾಗ, 2004ರ ಜುಲೈನಲ್ಲಿ ಅದೂ ನಿಂತಿತು. 2024ರ ಆರಂಭದಲ್ಲಿ ಪ್ರಯೋಗಕ್ಕೆಂದು 20,000 ಅರ್ಜಿಗಳ ಮಿತಿಯಲ್ಲಿ ಮತ್ತೆ ತೆರೆದರು. ಅದು ಎಚ್-1ಬಿ ಇರುವವರಿಗೆ ಮಾತ್ರ. ವಿದ್ಯಾರ್ಥಿಗಳಿಗೆ ಉಳಿದಿರುವುದು ಒಂದು ಸಣ್ಣ ಕಿಂಡಿ: ಕೆನಡಾಕ್ಕೋ ಮೆಕ್ಸಿಕೋಕ್ಕೋ 30 ದಿನದೊಳಗೆ ಹೋಗಿ ಬಂದರೆ, ಅವಧಿ ಮುಗಿದ ವೀಸಾ ಇದ್ದರೂ ಸಾಮಾನ್ಯವಾಗಿ ಒಳಗೆ ಬಿಡುತ್ತಾರೆ. ಅಲ್ಲಿ ಹೊಸ ವೀಸಾಕ್ಕೆ ಅರ್ಜಿ ಹಾಕಿದರೆ ಆ ಕಿಂಡಿಯೂ ಮುಚ್ಚುತ್ತದೆ.

ಅವಧಿಯಲ್ಲೂ ದೇಶದಿಂದ ದೇಶಕ್ಕೆ ವ್ಯತ್ಯಾಸ ಇದೆ. ಚೀನಾದ ವಿದ್ಯಾರ್ಥಿಗಳಿಗೆ 2014ರ ನವೆಂಬರ್ ತನಕ 1 ವರ್ಷದ ವೀಸಾ ಸಿಗುತ್ತಿತ್ತು, ಆಮೇಲೆ 5 ವರ್ಷ. ಇರಾನಿನ ವಿದ್ಯಾರ್ಥಿಗಳಿಗೆ 2011ರ ತನಕ ಒಂದೇ ಸಲ ಒಳಗೆ ಬರಬಹುದಾದ ವೀಸಾ; ಹೊರಗೆ ಹೋದರೆ ಮತ್ತೆ ಹೊಸದು ಬೇಕು. ಹಾಗಾಗಿ ಓದು ಮುಗಿಯುವ ತನಕ ತಂದೆ ತಾಯಿಯನ್ನು ನೋಡದವರು ಅವರಲ್ಲಿ ಎಷ್ಟೋ ಜನ.

ಕೋವಿಡ್ ಕಾಲದಲ್ಲಿ ದೂತಾವಾಸಗಳು ಮುಚ್ಚಿ, ಮತ್ತೆ ತೆರೆದಾಗ ಒಂದು ಒಳ್ಳೆಯದಾಯಿತು. ಡ್ರಾಪ್‌ಬಾಕ್ಸ್ ಹಿಗ್ಗಿತು. ಹಳೆಯ ವೀಸಾ ಮುಗಿದು 48 ತಿಂಗಳಾಗದಿದ್ದರೆ ಸಂದರ್ಶನವಿಲ್ಲದೆ ಕಾಗದ ಕೊಟ್ಟು ಬರಬಹುದಿತ್ತು. 2025ರ ಸೆಪ್ಟೆಂಬರ್ 2ರಿಂದ ವಿದ್ಯಾರ್ಥಿಗಳಿಗೆ ಅದೂ ಹೋಯಿತು. ಅದೇ ತಿಂಗಳಲ್ಲಿ, ಸ್ವಂತ ದೇಶದಲ್ಲೋ ವಾಸವಿರುವ ದೇಶದಲ್ಲೋ ಮಾತ್ರ ಅರ್ಜಿ ಹಾಕಿ ಎಂಬ ಸೂಚನೆಯೂ ಬಂತು. ಮೂರನೇ ದೇಶಕ್ಕೆ ಹೋಗಿ ಸ್ಟಾಂಪಿಂಗ್ ಮಾಡಿಸಿಕೊಳ್ಳುತ್ತಿದ್ದವರ ದಾರಿ ಹೀಗೆ ಕಡಿದಾಯಿತು.

ಈ ನಡುವೆ ಡಿ/ಎಸ್ ಕೂಡ ಮತ್ತೆ ಚರ್ಚೆಗೆ ಬಂದಿದೆ. ಅದನ್ನು ತೆಗೆದು 4 ವರ್ಷದ ಮಿತಿ ಹಾಕುವ ಪ್ರಸ್ತಾವ 2020ರಲ್ಲಿ ಬಂದು, 2021ರಲ್ಲಿ ವಾಪಸಾಗಿತ್ತು. 2025ರ ಆಗಸ್ಟಿನಲ್ಲಿ ಅದನ್ನು ಮತ್ತೆ ಪ್ರಕಟಿಸಿದರು. ಓದು ಮುಗಿದ ಮೇಲೆ ಹೊರಡಲು ಇರುವ 60 ದಿನವನ್ನು 30ಕ್ಕೆ ಇಳಿಸುವುದೂ ಅದರಲ್ಲಿದೆ. ಅದರಂತೆ ನಡೆದರೆ, ಐದಾರು ವರ್ಷದ ಪಿಎಚ್‌ಡಿಯ ನಡುವೆ ಅಲ್ಲಿ ಇರಲಿಕ್ಕೂ ಬೇರೆ ಅರ್ಜಿ ಹಾಕಿ ಕಾಯಬೇಕು. ಆ ಅರ್ಜಿಯನ್ನು ಅಲ್ಲಿಂದಲೇ ಹಾಕಬಹುದು. ವೀಸಾದ ಸ್ಟಾಂಪಿಗೆ ಮಾತ್ರ ಆಗಲೂ ಹೊರಗೇ ಹೋಗಬೇಕು.