ಒಬ್ಬ ರೋಗಿ, ಎರಡು ಕೇಸ್ ಶೀಟ್

ಶಸ್ತ್ರಚಿಕಿತ್ಸೆಯಾದ ಮೂರನೆಯ ರಾತ್ರಿ, ಅದುವರೆಗೆ ಸಮಾಧಾನವಾಗಿದ್ದ ವೃದ್ಧ ರೋಗಿಯೊಬ್ಬರು ಕೈಯ ಡ್ರಿಪ್ಪನ್ನು ಕಿತ್ತೆಸೆದು, ಎದುರಿಗೆ ಇಲ್ಲದವರೊಡನೆ ಮಾತಿಗಿಳಿಯುತ್ತಾರೆ. ಡ್ಯೂಟಿ ಡಾಕ್ಟರು ಕೇಸ್ ಶೀಟಿನಲ್ಲಿ ‘ಮನೋವೈದ್ಯರ ಅಭಿಪ್ರಾಯ ಬೇಕು’ ಎಂದು ಒಂದು ಸಾಲು ಬರೆದು ಮುಂದಿನ ಹಾಸಿಗೆಗೆ ಹೋಗುತ್ತಾರೆ. ಬೆಳಿಗ್ಗೆ ಬಂದ ಮನೋವೈದ್ಯರು ಮೊದಲು ವಿಚಾರಿಸುವುದು ರೋಗಿಯ ಬಾಲ್ಯವನ್ನಲ್ಲ. ರಕ್ತದಲ್ಲಿ ಸೋಡಿಯಂ ಎಷ್ಟಿದೆ, ಮೂತ್ರದಲ್ಲಿ ಸೋಂಕಿದೆಯೇ, ನೋವಿಗೆಂದು ನಿನ್ನೆ ಯಾವ ಹೊಸ ಔಷಧ ಶುರುವಾಯಿತು ಎಂಬುದನ್ನು. ಹಿಂದಿನವರು ಸನ್ನಿ ಎಂದು ಕರೆಯುತ್ತಿದ್ದ ಈ ಸ್ಥಿತಿ ದೇಹದ ಕಾಯಿಲೆ ಮಿದುಳನ್ನು ತಟ್ಟಿದಾಗ ಕಾಣಿಸಿಕೊಳ್ಳುವಂಥದ್ದು. ಆದರೂ ಮಾತು ತಪ್ಪಿದೊಡನೆ ರೋಗಿ ‘ಅವರ ಕಡೆಯವರು’ ಆಗಿಬಿಡುತ್ತಾರೆ. ಈ ‘ಅವರು’ ಮತ್ತು ‘ನಾವು’ ವೈದ್ಯರಲ್ಲಿ ಹುಟ್ಟಿಕೊಂಡಿದ್ದಕ್ಕೆ ಎರಡು ಶತಮಾನಗಳ ಹಿನ್ನೆಲೆಯಿದೆ, ಮತ್ತು ಅದರಲ್ಲಿ ವಿಜ್ಞಾನದ ಪಾಲಿಗಿಂತ ಕಟ್ಟಡ ಹಾಗೂ ಆಡಳಿತದ ಪಾಲೇ ಹೆಚ್ಚು.

ಮನೋವೈದ್ಯಶಾಸ್ತ್ರ ಎಂಬುದಕ್ಕೆ ಯುರೋಪಿನಲ್ಲಿ ಹೆಸರಿಟ್ಟವರು ಜರ್ಮನಿಯ ಹಾಲೆ ನಗರದ ವೈದ್ಯ ಯೋಹಾನ್ ಕ್ರಿಶ್ಚಿಯನ್ ರೈಲ್. 1808ರಲ್ಲಿ ಆ ಪದವನ್ನು ಬಳಕೆಗೆ ತಂದಾಗ ಅವರ ಉದ್ದೇಶ ಪ್ರತ್ಯೇಕತೆಯಾಗಿರಲಿಲ್ಲ. ಔಷಧ ಚಿಕಿತ್ಸೆ, ಶಸ್ತ್ರಚಿಕಿತ್ಸೆಗಳ ಪಕ್ಕದಲ್ಲಿ ಮನಸ್ಸಿನ ಚಿಕಿತ್ಸೆಯೂ ವೈದ್ಯಕೀಯದ ಮೂರನೆಯ ಅಂಗವಾಗಿ ನಿಲ್ಲಬೇಕೆಂಬುದು ಅವರ ವಾದವಾಗಿತ್ತು. ನಡೆದದ್ದು ಬೇರೆ. ಹತ್ತೊಂಬತ್ತನೆಯ ಶತಮಾನದುದ್ದಕ್ಕೂ ಯುರೋಪ್ ಮತ್ತು ಅಮೆರಿಕಗಳಲ್ಲಿ ಊರಾಚೆ, ಗೋಡೆ ಹಾಕಿದ ವಿಶಾಲ ಜಮೀನುಗಳಲ್ಲಿ ಹುಚ್ಚಾಸ್ಪತ್ರೆಗಳು ಎದ್ದವು. ಅಲ್ಲಿನ ಮುಖ್ಯ ವೈದ್ಯರು ಔಷಧಕ್ಕಿಂತ ಹೆಚ್ಚಾಗಿ ಹೊಲ, ಅಡುಗೆಮನೆ, ಬಟ್ಟೆ ತೊಳೆಯುವ ಕೋಣೆ, ಕಾವಲುಗಾರರ ಸಂಬಳ ಇವುಗಳ ಲೆಕ್ಕ ನೋಡುತ್ತಿದ್ದರು. 1844ರಲ್ಲಿ ಫಿಲಡೆಲ್ಫಿಯಾದಲ್ಲಿ ಅಂಥ 13 ಮಂದಿ ಸೂಪರಿಂಟೆಂಡೆಂಟರು ಸೇರಿ ತಮ್ಮದೇ ಸಂಘ ಕಟ್ಟಿಕೊಂಡರು. ಆ ದೇಶದ ವೈದ್ಯರೆಲ್ಲರ ಸಂಘವಾದ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ ಹುಟ್ಟಿದ್ದು ಅದಾದ ಮೂರು ವರ್ಷಗಳಿಗೆ. ಅಂದರೆ ಮನೆ ಕಟ್ಟುವ ಮೊದಲೇ ಪಾಲಾಗಿತ್ತು.

ಇದನ್ನು ಆಕ್ಷೇಪಿಸಿದವರಿಲ್ಲದಿಲ್ಲ. ಮಾನಸಿಕ ರೋಗಗಳು ಮಿದುಳಿನ ರೋಗಗಳೇ ಎಂದು 1845ರ ತಮ್ಮ ಪಠ್ಯಪುಸ್ತಕದಲ್ಲಿ ಪ್ರತಿಪಾದಿಸಿದ್ದ ವಿಲ್ಹೆಲ್ಮ್ ಗ್ರೀಸಿಂಗರ್, 1865ರಲ್ಲಿ ಬರ್ಲಿನ್ನಿನ ಶಾರಿಟೆ ಆಸ್ಪತ್ರೆಗೆ ಬಂದ ಮೇಲೆ, ಹೊಸದಾಗಿ ಕಾಯಿಲೆ ಬಿದ್ದವರಿಗೆ ನಗರದೊಳಗೇ ಅಲ್ಪಾವಧಿಯ ಚಿಕಿತ್ಸೆ ಸಿಗಬೇಕೆಂದು ಹಟ ಹಿಡಿದರು. ಮೂರೇ ವರ್ಷಗಳಲ್ಲಿ ಅವರು ತೀರಿಕೊಂಡರು. 1894ರಲ್ಲಿ ಸೂಪರಿಂಟೆಂಡೆಂಟರ ಸಂಘಕ್ಕೆ 50 ತುಂಬಿದಾಗ, ನರರೋಗ ತಜ್ಞ ಸೈಲಾಸ್ ವಿಯರ್ ಮಿಚೆಲ್ ಅವರನ್ನು ಭಾಷಣಕ್ಕೆ ಕರೆದರು. ಅವರು ಅಭಿನಂದನೆಯ ಬದಲು, ನೀವು ಉಳಿದ ವೈದ್ಯಲೋಕದಿಂದ ದೂರ ಸರಿದು ಸಂಶೋಧನೆಯನ್ನೇ ಕೈಬಿಟ್ಟಿದ್ದೀರಿ ಎಂದು ಅತಿಥೇಯರ ಮುಖಕ್ಕೇ ಹೇಳಿ ಬಂದರು.

ಇಷ್ಟರಲ್ಲಿ ಮತ್ತೊಂದು ವಿಚಿತ್ರ ನಡೆಯುತ್ತಿತ್ತು. ಆ ಕಾಲದ ಹುಚ್ಚಾಸ್ಪತ್ರೆಗಳ ಹಾಸಿಗೆಗಳಲ್ಲಿ ಗಣನೀಯ ಪಾಲನ್ನು ತುಂಬಿದ್ದವರು, ದೊಡ್ಡಸ್ತಿಕೆಯ ಭ್ರಮೆಯಿಂದ ಶುರುವಾಗಿ ಪಾರ್ಶ್ವವಾಯು, ಮರೆವು, ಸಾವಿನಲ್ಲಿ ಮುಗಿಯುವ ಒಂದು ಕಾಯಿಲೆಯವರು. 1913ರಲ್ಲಿ ಹಿದೆಯೊ ನೊಗುಚಿ ಮತ್ತು ಜೆ. ಡಬ್ಲ್ಯು. ಮೂರ್ ಅಂಥವರ ಮಿದುಳಿನಲ್ಲಿ ಸಿಫಿಲಿಸ್ ರೋಗಾಣುವನ್ನು ತೋರಿಸಿದರು. 1917ರಲ್ಲಿ ವಿಯೆನ್ನಾದ ಯೂಲಿಯಸ್ ವಾಗ್ನರ್-ಯಾವ್ರೆಗ್ ಅದೇ ರೋಗಿಗಳಿಗೆ ಬೇಕೆಂದೇ ಮಲೇರಿಯಾ ಜ್ವರ ಬರಿಸಿ ಚಿಕಿತ್ಸೆ ನೀಡತೊಡಗಿದರು. ಅದಕ್ಕೆ 1927ರಲ್ಲಿ ನೊಬೆಲ್ ಪ್ರಶಸ್ತಿಯೂ ಬಂತು. ಪೆನಿಸಿಲಿನ್ ಬಂದ ಮೇಲೆ ಆ ಕಾಯಿಲೆ ಮನೋವೈದ್ಯರ ವಾರ್ಡಿನಿಂದಲೇ ಮರೆಯಾಯಿತು. ಬುದ್ಧಿಭ್ರಮಣೆ ತರುತ್ತಿದ್ದ ಪೆಲಾಗ್ರಕ್ಕೆ ನಯಾಸಿನ್ ಎಂಬ ವಿಟಮಿನ್ನಿನ ಕೊರತೆ ಕಾರಣವೆಂದು 1930ರ ದಶಕದಲ್ಲಿ ತಿಳಿದಾಗ ಅದೂ ಆಹಾರತಜ್ಞರ ಪಾಲಾಯಿತು. ಕಾರಣ ಸಿಕ್ಕ ರೋಗವನ್ನೆಲ್ಲ ಬೇರೆಯವರಿಗೆ ಒಪ್ಪಿಸಿ, ಸಿಗದವುಗಳನ್ನು ಮಾತ್ರ ಇಟ್ಟುಕೊಂಡ ವಿಭಾಗಕ್ಕೆ ‘ಇವರಿಗೆ ಕಾರಣವೇ ಗೊತ್ತಿಲ್ಲ’ ಎಂಬ ಮಾತು ಅಂಟಿಕೊಂಡದ್ದು ನ್ಯಾಯವಾದ ಲೆಕ್ಕವಲ್ಲ.

ತಪ್ಪು ಇನ್ನೊಂದು ದಿಕ್ಕಿನಲ್ಲೂ ಆಗಿದೆ. ಕಳೆದ ಶತಮಾನದ ನಡುಭಾಗದಲ್ಲಿ ಮನೋವಿಶ್ಲೇಷಕ ಫ್ರಾಂಟ್ಸ್ ಅಲೆಕ್ಸಾಂಡರ್ ಮತ್ತವರ ಅನುಯಾಯಿಗಳು ಹೊಟ್ಟೆ ಹುಣ್ಣು, ಅಸ್ತಮಾ, ಸಂಧಿವಾತಗಳ ಹಿಂದೆ ಅದುಮಿಟ್ಟ ಭಾವನೆಗಳ ಸಂಘರ್ಷವನ್ನು ಹುಡುಕಿದರು. ಹೊಟ್ಟೆ ಹುಣ್ಣಿನವರಿಗೆ ಚಿಂತೆ ಬಿಡಿ ಎಂಬ ಉಪದೇಶ ದಶಕಗಳ ಕಾಲ ಸಿಕ್ಕಿತು. ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ 1980ರ ದಶಕದಲ್ಲಿ ಹುಣ್ಣಿಗೆ ಕಾರಣವೆಂದು ಹೆಲಿಕೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾವನ್ನು ಮುಂದಿಟ್ಟಾಗಲೂ ಬಹುಮಂದಿ ನಂಬಲಿಲ್ಲ. ಮಾರ್ಷಲ್ ಆ ಬ್ಯಾಕ್ಟೀರಿಯಾ ಬೆಳೆಸಿದ ದ್ರಾವಣವನ್ನು ತಾವೇ ಕುಡಿದು ಜಠರದ ಉರಿಯೂತ ಬರಿಸಿಕೊಂಡರು.

ಇತ್ತ ಮನೋವೈದ್ಯರ ಅತಿ ಮುಖ್ಯ ಔಷಧಗಳು ಬಂದದ್ದು ‘ಆ ಕಡೆಯಿಂದ’. ಕ್ಲೋರ್‌ಪ್ರೊಮಝಿನ್ ರೋಗಿಗಳನ್ನು ನಿರಾಳಗೊಳಿಸುವುದನ್ನು ಮೊದಲು ಗಮನಿಸಿದವರು ಅರಿವಳಿಕೆಗೆ ಪೂರಕವಾದ ಔಷಧಗಳನ್ನು ಹುಡುಕುತ್ತಿದ್ದ ಫ್ರೆಂಚ್ ಶಸ್ತ್ರವೈದ್ಯ ಆನ್ರಿ ಲಾಬೊರಿ. 1952ರಲ್ಲಿ ಪ್ಯಾರಿಸ್ಸಿನ ಸೇಂಟ್-ಆನ್ ಆಸ್ಪತ್ರೆಯ ಡಿಲೇ ಮತ್ತು ಡೆನಿಕರ್ ಅದನ್ನು ಮನೋರೋಗಿಗಳಿಗೆ ಕೊಟ್ಟು ನೋಡಿದರು. ಅದೇ ವರ್ಷ ನ್ಯೂಯಾರ್ಕಿನ ಸೀ ವ್ಯೂ ಕ್ಷಯರೋಗ ಆಸ್ಪತ್ರೆಯಲ್ಲಿ ಐಪ್ರೊನಿಯಾಝಿಡ್ ಎಂಬ ಕ್ಷಯದ ಔಷಧ ಪಡೆದ ರೋಗಿಗಳು ಅನಿರೀಕ್ಷಿತವಾಗಿ ಲವಲವಿಕೆಗೊಂಡರು, ಕೆಲವರು ವಾರ್ಡಿನ ನಡುವೆಯೇ ಕುಣಿದರು. ಖಿನ್ನತೆಯ ಮೊದಲ ಮಾತ್ರೆಗಳಲ್ಲೊಂದು ಹೀಗೆ ದೊರೆಯಿತು.

ಔಷಧ ಬಂದ ಮೇಲೆ ಗೋಡೆಗಳನ್ನು ಕೆಡವುವುದು ಸಾಧ್ಯವಾಯಿತು. ಅಮೆರಿಕದ ಆಲ್ಬನಿ ನಗರದ ಸಾಮಾನ್ಯ ಆಸ್ಪತ್ರೆಯೊಂದು 1902ರಲ್ಲೇ ಮನೋರೋಗಿಗಳಿಗೆ ವಾರ್ಡ್ ತೆರೆದಿತ್ತಾದರೂ ಅದು ಅಪವಾದವಾಗಿತ್ತು. ಈ ಹಾದಿಯಲ್ಲಿ ಎಲ್ಲರಿಗಿಂತ ಮುಂದೆ ಹೋದದ್ದು ಇಟಲಿ: ಮನೋವೈದ್ಯ ಫ್ರಾಂಕೊ ಬಸಾಲಿಯಾ ಅವರ ಚಳವಳಿಯ ಫಲವಾಗಿ 1978ರಲ್ಲಿ ಬಂದ 180ನೆಯ ಸಂಖ್ಯೆಯ ಕಾನೂನು ಹಳೆಯ ಮನೋರೋಗ ಆಸ್ಪತ್ರೆಗಳಿಗೆ ಹೊಸಬರನ್ನು ಸೇರಿಸುವುದನ್ನು ನಿಲ್ಲಿಸಿ, ಸಾಮಾನ್ಯ ಆಸ್ಪತ್ರೆಗಳೊಳಗೆ 15 ಹಾಸಿಗೆ ಮೀರದ ವಾರ್ಡುಗಳಿಗೆ ದಾರಿ ಮಾಡಿತು. ಅದರ ಹಿಂದಿನ ವರ್ಷವಷ್ಟೇ ಅಮೆರಿಕದ ವೈದ್ಯ ಜಾರ್ಜ್ ಎಂಗೆಲ್ ದೇಹ, ಮನಸ್ಸು, ಸಮಾಜ ಮೂರನ್ನೂ ಒಟ್ಟಿಗೆ ನೋಡುವ ಮಾದರಿಯನ್ನು ವೈದ್ಯಲೋಕದ ಮುಂದಿಟ್ಟಿದ್ದರು. ಆ ಮಾದರಿಯನ್ನು ವೈದ್ಯಕೀಯ ಕಾಲೇಜುಗಳಲ್ಲಿ ಓದಿಸುತ್ತಾರೆ. ವಾರ್ಡಿನಲ್ಲಿ ಅದನ್ನು ಕಾಣುವುದು ಅಪರೂಪ.

ಗೋಡೆ ಬಿದ್ದರೂ ಬಿರುಕು ಉಳಿದದ್ದು ರೋಗಿಯ ದೇಹದಲ್ಲಿ. ತೀವ್ರ ಮಾನಸಿಕ ಕಾಯಿಲೆಯುಳ್ಳವರು ಉಳಿದವರಿಗಿಂತ 10ರಿಂದ 20 ವರ್ಷ ಮೊದಲೇ ಸಾಯುತ್ತಾರೆ, ಮತ್ತು ಅದರಲ್ಲಿ ಹೆಚ್ಚಿನ ಸಾವುಗಳಿಗೆ ಹೃದ್ರೋಗದಂಥ ದೇಹದ ಕಾಯಿಲೆಗಳೇ ಕಾರಣ. ಸ್ಕಿಜೋಫ್ರೇನಿಯಾ ಎಂದು ದಾಖಲಾದವರು ಎದೆನೋವು ಎಂದರೆ ಅದು ಗಾಬರಿಯೆನಿಸಿಕೊಳ್ಳುತ್ತದೆ, ಇಸಿಜಿ ತಡವಾಗುತ್ತದೆ. ಅವರು ನುಂಗುವ ಕೆಲವು ಮಾತ್ರೆಗಳು ತೂಕವನ್ನೂ ರಕ್ತದ ಸಕ್ಕರೆಯನ್ನೂ ಏರಿಸುತ್ತವೆ. ಆ ಸಕ್ಕರೆಯನ್ನು ಫಿಸಿಶಿಯನ್ ನೋಡುತ್ತಾರೆಂದು ಮನೋವೈದ್ಯರೂ, ಮಾತ್ರೆ ಬರೆದವರೇ ನೋಡುತ್ತಾರೆಂದು ಫಿಸಿಶಿಯನ್ನರೂ ಸುಮ್ಮನಿರುತ್ತಾರೆ.

ಒಟ್ಟಿಗೆ ನೋಡಿದರೆ ಏನಾಗುತ್ತದೆಂಬುದಕ್ಕೆ ಉತ್ತರವಿದೆ. ಅಮೆರಿಕದ 18 ಚಿಕಿತ್ಸಾಲಯಗಳಲ್ಲಿ 60 ದಾಟಿದ, ಖಿನ್ನತೆಯುಳ್ಳ 1801 ಮಂದಿಯ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಇಂಪ್ಯಾಕ್ಟ್ ಅಧ್ಯಯನದಲ್ಲಿ, ಒಂದು ಗುಂಪಿನ ರೋಗಿ ತನ್ನ ಮಾಮೂಲಿ ವೈದ್ಯರ ಬಳಿಯೇ ಉಳಿದ. ಒಬ್ಬ ನರ್ಸ್ ಅಥವಾ ಮನಶ್ಶಾಸ್ತ್ರಜ್ಞರು ಫೋನ್ ಮಾಡಿ ವಿಚಾರಿಸುತ್ತ ಖಿನ್ನತೆಯ ಏರಿಳಿತದ ಅಂಕಪಟ್ಟಿ ಇಟ್ಟರು. ಮನೋವೈದ್ಯರು ಆ ಪಟ್ಟಿ ನೋಡಿ ಸಲಹೆ ಕೊಟ್ಟರು. ವರ್ಷದ ಕೊನೆಗೆ ಈ ಗುಂಪಿನಲ್ಲಿ ಶೇ 45 ಮಂದಿಯ ಖಿನ್ನತೆ ಅರ್ಧಕ್ಕೋ ಅದಕ್ಕೂ ಕೆಳಕ್ಕೋ ಇಳಿದಿತ್ತು, ಮಾಮೂಲಿ ಆರೈಕೆ ಪಡೆದವರಲ್ಲಿ ಶೇ 19. ಆದರೆ ಮನೋವೈದ್ಯರು ಕಣ್ಣಿಂದ ನೋಡದ ರೋಗಿಯ ಬಗ್ಗೆ ಇನ್ನೊಬ್ಬ ವೈದ್ಯರೊಡನೆ ಹತ್ತು ನಿಮಿಷ ಮಾತಾಡಿದ್ದಕ್ಕೆ ಬಿಲ್ ಬರೆಯುವ ಬಾಬ್ತು ಇರಲಿಲ್ಲ. ಆ ದೇಶದ ಹಿರಿಯರ ಸರ್ಕಾರಿ ವಿಮೆಯಾದ ಮೆಡಿಕೇರ್ ಇಂಥ ಕೂಡು ಚಿಕಿತ್ಸೆಗೆ ಹಣ ಕೊಡತೊಡಗಿದ್ದು 2017ರಲ್ಲಿ, ಅಧ್ಯಯನ ಪ್ರಕಟವಾಗಿ ಹದಿನೈದು ವರ್ಷಗಳ ಮೇಲೆ.