ಗಾಳಿಯಿಂದ ನಡೆಯುವ ರಿವೆಟ್ ಗನ್: ಕೆಲಸ ಕಲಿಯುವವರಿಗೆ ಒಂದು ಟಿಪ್ಪಣಿ

ಕಾಸರಗೋಡಿನ ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಓದಿ ತಗಡಿನ ಕೆಲಸ ಕಲಿಯಲು ಬರುವ ನಮ್ಮಂಥವರಿಗೆ ಪಾಠವು ಹೆಚ್ಚಾಗಿ ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಸಿಗುತ್ತದೆ. ಕೈಕೆಲಸವನ್ನು ನೋಡಿ ಕಲಿಯಬಹುದು. ಆದರೆ ಹೀಗೇ ಏಕೆ ಮಾಡಬೇಕು ಎಂಬುದು ಅರ್ಧ ಅರ್ಥವಾಗಿ ಅರ್ಧ ಹಾಗೆಯೇ ಉಳಿದುಬಿಡುತ್ತದೆ. ಗಾಳಿ ರಿವೆಟ್ ಗನ್ನಿನ ಮಟ್ಟಿಗಾದರೂ ಆ ಉಳಿದ ಅರ್ಧವನ್ನು ನಮ್ಮ ಭಾಷೆಯಲ್ಲಿ ಬರೆದಿಡಬೇಕೆಂದು ಈ ಟಿಪ್ಪಣಿಯನ್ನು ಸಿದ್ಧಪಡಿಸಿದ್ದೇನೆ. ಇಲ್ಲಿ ಹೇಳುವುದೆಲ್ಲ ಕಡ್ಡಿಯನ್ನು ಎಳೆದು ಮುರಿಯುವ ರಿವೆಟಿಗೆ, ಅಂದರೆ ಅಂಗಡಿಯಲ್ಲಿ ಪಾಪ್ ರಿವೆಟ್ ಎಂದು ಕೇಳಿ ತರುವ ರಿವೆಟಿಗೆ ಸಂಬಂಧಿಸಿದ್ದು. ಗಟ್ಟಿ ರಿವೆಟನ್ನು ಬಡಿದು ಕೂರಿಸುವ ಗಾಳಿ ಸುತ್ತಿಗೆ ಬೇರೆಯೇ ಉಪಕರಣ. ಅದರ ಕ್ರಮವೂ ಅಪಾಯವೂ ಬೇರೆ.

ಎಲ್ಲಕ್ಕಿಂತ ಮೊದಲು ಮನಸ್ಸಿಗೆ ತಂದುಕೊಳ್ಳಬೇಕಾದ ವಿಷಯವೊಂದಿದೆ. ಕೈ ರಿವೆಟರಿನ ಹಿಡಿಕೆ ಒತ್ತುವಾಗ ಕೆಲಸದ ಸ್ಥಿತಿ ಮಣಿಕಟ್ಟಿಗೆ ತಿಳಿಯುತ್ತದೆ: ತೂತು ದೊಡ್ಡದಾಗಿದ್ದರೆ ಎಳೆತ ಸಡಿಲವೆನಿಸುತ್ತದೆ, ತಗಡುಗಳ ನಡುವೆ ಸಂದು ಇದ್ದರೆ ಹಿಡಿಕೆ ಬಿಗಿಯಾಗುವುದಕ್ಕೆ ಮೊದಲು ಸ್ವಲ್ಪ ಜಾರಿದಂತಾಗುತ್ತದೆ. ಗಾಳಿ ಗನ್ ಇದಾವುದನ್ನೂ ಕೈಗೆ ತಿಳಿಸುವುದಿಲ್ಲ. ಸರಿಯಾದ ತೂತಿನಲ್ಲೂ ಕೆಟ್ಟ ತೂತಿನಲ್ಲೂ ಅದು ಕಡ್ಡಿಯನ್ನು ಕ್ಷಣದಲ್ಲಿ ಎಳೆದು ಮುರಿದುಬಿಡುತ್ತದೆ, ರಿವೆಟಿನ ತಲೆ ಎರಡರಲ್ಲೂ ಒಂದೇ ರೀತಿ ಕಾಣುತ್ತದೆ. ಆದ್ದರಿಂದ ಕೈಗೆ ತಪ್ಪಿಹೋದ ಈ ತಿಳಿವಳಿಕೆಯನ್ನು ಅಳತೆಯಿಂದಲೂ ಕಣ್ಣಿನಿಂದಲೂ ಮರಳಿ ಪಡೆಯಬೇಕು. ಮುಂದಿನ ಬಹುಪಾಲು ವಿಷಯ ಇದೇ.

ಒಳಗೆ ನಡೆಯುವುದು

ರಿವೆಟಿನಲ್ಲಿ ಎರಡು ಭಾಗಗಳಿವೆ: ತೂತಿನೊಳಗೆ ಉಳಿಯುವ ಕೊಳವೆ ಮತ್ತು ಅದರ ನಡುವೆ ಹಾದುಬಂದಿರುವ, ತುದಿಯಲ್ಲಿ ಗುಂಡಿಯಂಥ ತಲೆಯಿರುವ ಉಕ್ಕಿನ ಕಡ್ಡಿ. ಗನ್ನಿನ ಮೂತಿಯೊಳಗಿನ ಹಲ್ಲುಳ್ಳ ದವಡೆಗಳು ಕಡ್ಡಿಯನ್ನು ಕಚ್ಚಿ ಹಿಂದಕ್ಕೆ ಎಳೆಯುತ್ತವೆ. ಕಡ್ಡಿಯ ತಲೆ ಕೊಳವೆಯ ಆಚೆ ತುದಿಯನ್ನು ಉಬ್ಬಿಸಿ ತಗಡುಗಳನ್ನು ಒಂದಕ್ಕೊಂದು ಬಿಗಿಯುತ್ತದೆ. ಮೊದಲೇ ಸಣಕಲು ಮಾಡಿಟ್ಟ ಜಾಗದಲ್ಲಿ ಕಡ್ಡಿ ಮುರಿಯುತ್ತದೆ.

ಕಂಪ್ರೆಸರಿನ ಗಾಳಿಗೆ ಇಷ್ಟು ಬಲ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತ್ತು. ಉತ್ತರವು ಗನ್ನಿನೊಳಗಿನ ಎಣ್ಣೆಯಲ್ಲಿದೆ. ಲೆಕ್ಕಕ್ಕಾಗಿ ಕೆಲವು ಅಳತೆಗಳನ್ನು ಊಹಿಸಿಕೊಳ್ಳೋಣ. ಕೆಳಗಿನ ಗಾಳಿ ಪಿಸ್ಟನ್ನಿನ ವ್ಯಾಸ 60 ಮಿ.ಮೀ. ಆದರೆ ಅದರ ಕ್ಷೇತ್ರಫಲ ಸುಮಾರು 2,827 ಚದರ ಮಿ.ಮೀ.; 6 ಬಾರ್ ಒತ್ತಡದಲ್ಲಿ ಅದರ ಮೇಲಿನ ಬಲ ಸುಮಾರು 1,700 ನ್ಯೂಟನ್. ಈ ಬಲವು 10 ಮಿ.ಮೀ. ವ್ಯಾಸದ ಸಣ್ಣ ದಂಡದ ಮೂಲಕ ಎಣ್ಣೆಯನ್ನು ಒತ್ತಿದಾಗ ಎಣ್ಣೆಯ ಒತ್ತಡ 200 ಬಾರನ್ನು ಮೀರುತ್ತದೆ. ಆ ಎಣ್ಣೆ 400 ಚದರ ಮಿ.ಮೀ. ಕ್ಷೇತ್ರಫಲದ ಎಳೆಯುವ ಪಿಸ್ಟನ್ನನ್ನು ತಳ್ಳಿದರೆ ದವಡೆಗೆ ಸಿಗುವುದು 8,600 ನ್ಯೂಟನ್, ಅಂದರೆ ಸುಮಾರು 880 ಕಿಲೋ ತೂಕದಷ್ಟು ಬಲ. ಬಲ ಹೆಚ್ಚಿದಷ್ಟೂ ಚಲನೆ ಕಡಿಮೆಯಾಗುವುದರಿಂದ, ದವಡೆ 15 ಮಿ.ಮೀ. ಸರಿಯಲು ಗಾಳಿ ಪಿಸ್ಟನ್ 76 ಮಿ.ಮೀ. ಚಲಿಸಬೇಕಾಗುತ್ತದೆ. ಎಣ್ಣೆ ಸ್ವಲ್ಪ ಸೋರಿ ಕಡಿಮೆಯಾದರೂ, ಅದರಲ್ಲಿ ಗಾಳಿಗುಳ್ಳೆ ಸೇರಿದರೂ ಎಳೆತ ಗಿಡ್ಡವಾಗಿ, ಒಂದು ರಿವೆಟಿಗೆ ಎರಡು ಮೂರು ಸಲ ಟ್ರಿಗರ್ ಒತ್ತಬೇಕಾಗುವುದು ಇದೇ ಕಾರಣಕ್ಕೆ.

ಇಷ್ಟು ಬಲವಿರುವ ದವಡೆಯ ಬಾಯಿಗೆ, ಅಥವಾ ಮೂತಿಗೂ ತಗಡಿಗೂ ನಡುವೆ, ಬೆರಳು ಹೋಗಬಾರದು ಎಂಬುದನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ.

ತೂತು ಮತ್ತು ಉದ್ದ

ತೂತು ರಿವೆಟಿನ ವ್ಯಾಸಕ್ಕಿಂತ 0.1 ಮಿ.ಮೀ. ಮಾತ್ರ ದೊಡ್ಡದಾಗಿರಬೇಕು: 3.2ರ ರಿವೆಟಿಗೆ 3.3ರ ಬಿಟ್, 4.0ಕ್ಕೆ 4.1, 4.8ಕ್ಕೆ 4.9. ಈ ಬಿಟ್‌ಗಳು ಪೆಟ್ಟಿಗೆಯಲ್ಲಿ ಇಲ್ಲವೆಂದು ಕೈಗೆ ಸಿಕ್ಕ ದೊಡ್ಡ ಬಿಟ್ ಹಾಕುವ ಅಭ್ಯಾಸ ನನಗೂ ಇತ್ತು. ನಾನು ಮೊದಲ ಬಾರಿಗೆ ಒಬ್ಬನೇ ಮಾಡಿದ ಕೆಲಸ ನಮ್ಮ ಮಾವನ ಮನೆಯ ಮಾಡಿಗೆ ತಗಡಿನ ದಂಬೆ ಕೂರಿಸಿದ್ದು. 4.0ರ ರಿವೆಟಿಗೆ 4.5ರ ಬಿಟ್ ಬಳಸಿದ್ದೆ; ತೂತಿನ ಅಂಚಿನ ಮುಳ್ಳುಗಳನ್ನು ತೆಗೆದಿರಲಿಲ್ಲ; ತಗಡುಗಳನ್ನು ಕ್ಲ್ಯಾಂಪಿನಿಂದ ಹಿಡಿಸಿರಲಿಲ್ಲ. ರಿವೆಟಿನ ತಲೆಗಳೆಲ್ಲ ಸಾಲಾಗಿ, ಚೆಂದವಾಗಿ ಕಂಡಿದ್ದವು. ಜೂನ್ ತಿಂಗಳ ಮೊದಲ ದೊಡ್ಡ ಮಳೆಗೆ ನೀರು ತುಂಬಿದ ದಂಬೆಯ ಭಾರಕ್ಕೆ ಜೋಡಣೆಗಳು ಅಲುಗಿ, ಪ್ರತಿಯೊಂದು ತಲೆಯ ಅಡಿಯಿಂದಲೂ ನೀರು ತೊಟ್ಟಿಕ್ಕತೊಡಗಿತು. ಅವನ್ನೆಲ್ಲ ಮತ್ತೆ ಕೊರೆದು ತೆಗೆಯುವಾಗ ನೋಡಿದರೆ, ಕೊಳವೆಯು ತಗಡಿನ ಆಚೆ ಉಬ್ಬುವ ಬದಲು ದೊಡ್ಡ ತೂತಿನೊಳಗೇ ಹಿಗ್ಗಿಕೊಂಡಿತ್ತು, ಎರಡು ತಗಡುಗಳ ನಡುವೆ ಡ್ರಿಲ್ಲಿನ ಚೂರುಗಳು ಸಿಕ್ಕಿಕೊಂಡಿದ್ದವು. ಕೈ ರಿವೆಟರಿನಲ್ಲಿ ಮಾಡಿದ್ದರೆ ಮೊದಲನೆಯ ರಿವೆಟಿನಲ್ಲೇ ಸಡಿಲ ತಿಳಿಯುತ್ತಿತ್ತು.

ಉದ್ದದ ವಿಷಯದಲ್ಲಿ ಜೋಡಿಸಬೇಕಾದ ತಗಡುಗಳ ಒಟ್ಟು ದಪ್ಪವೇ ಆಧಾರ. ಅದಕ್ಕೆ ರಿವೆಟಿನ ವ್ಯಾಸದಷ್ಟನ್ನು ಕೂಡಿಸಿ, ಬಂದ ಅಳತೆಗಿಂತ ಒಂದು ಮೆಟ್ಟಿಲು ಮೇಲಿನ ಉದ್ದವನ್ನು ಆರಿಸುವುದು ಒಂದು ಅಂದಾಜು. 0.5 ಮಿ.ಮೀ. ತಗಡನ್ನು 3 ಮಿ.ಮೀ. ಪಟ್ಟಿಗೆ ಜೋಡಿಸುವುದಾದರೆ ಒಟ್ಟು 3.5, ಅದಕ್ಕೆ 4 ಸೇರಿಸಿದರೆ 7.5, ಆದ್ದರಿಂದ 8 ಮಿ.ಮೀ. ಉದ್ದದ ರಿವೆಟ್. ಆದರೆ ಅಂತಿಮ ಮಾತು ಪೊಟ್ಟಣದ ಮೇಲೆ ಮುದ್ರಿಸಿದ ಹಿಡಿತದ ದಪ್ಪದ್ದೇ. ತೂತಿನ ನಡುವಿನಿಂದ ತಗಡಿನ ಅಂಚಿಗೆ ರಿವೆಟಿನ ವ್ಯಾಸದ ಎರಡು ಪಟ್ಟಿನಷ್ಟಾದರೂ ದೂರ ಇರಲಿ. ಇಲ್ಲವಾದರೆ ಅಂಚು ಹರಿಯುತ್ತದೆ.

ರಿವೆಟಿನ ಲೋಹದ ಬಗ್ಗೆ ಕರಾವಳಿಯವರು ವಿಶೇಷವಾಗಿ ಯೋಚಿಸಬೇಕು. ಸ್ಟೀಲಿನ ದೊಡ್ಡ ಹಾಳೆಗೆ ಅಲ್ಯೂಮಿನಿಯಮ್ಮಿನ ಸಣ್ಣ ರಿವೆಟ್ ಹಾಕಿದಾಗ ಉಪ್ಪಿನ ತೇವದಲ್ಲಿ ಅಲ್ಯೂಮಿನಿಯಮ್ ಸವೆಯುತ್ತದೆ. ಮಂಜೇಶ್ವರ, ಕುಂಬಳೆಗಳಂತೆ ಕಡಲಿಗೆ ಹತ್ತಿರದ ಊರುಗಳಲ್ಲಿ ಸ್ಟೇನ್‌ಲೆಸ್ ಹಾಳೆಗೆ ಸ್ಟೇನ್‌ಲೆಸ್ ರಿವೆಟನ್ನೇ ಹಾಕುವುದು ಉಚಿತ. ನೀರು ನಿಲ್ಲುವ ದಂಬೆಗೆ ತುದಿ ಮುಚ್ಚಿದ ರಿವೆಟ್ ಬರುತ್ತದೆ. ಬೆಲೆ ಹೆಚ್ಚು, ಆದರೆ ಕಡ್ಡಿಯ ತೂತಿನ ಮೂಲಕ ನೀರು ಇಳಿಯುವುದಿಲ್ಲ.

ಗಾಳಿ, ಅದರೊಳಗಿನ ನೀರು

ಸಾಮಾನ್ಯವಾಗಿ ಈ ಗನ್ನುಗಳಿಗೆ 5ರಿಂದ 7 ಬಾರ್ ಒತ್ತಡ ಬೇಕು. ನಮ್ಮ ಗೇಜುಗಳಲ್ಲಿ ಹೆಚ್ಚಾಗಿ ಪಿಎಸ್‌ಐ ಇರುವುದರಿಂದ, 1 ಬಾರ್ ಎಂದರೆ 14.5 ಪಿಎಸ್‌ಐ ಎಂದು ನೆನಪಿಡಿ. ಗನ್ನಿನ ಮೇಲೆ ಬರೆದ ಗರಿಷ್ಠ ಮಿತಿಯನ್ನು ಯಾವ ಕಾರಣಕ್ಕೂ ದಾಟಬಾರದು. ರಿವೆಟ್ ಮುರಿಯುತ್ತಿಲ್ಲವೆಂದು ರೆಗ್ಯುಲೇಟರ್ ತಿರುಗಿಸುವುದು ಮದ್ದಲ್ಲ. ತೊಂದರೆ ದವಡೆಯಲ್ಲೋ ಎಣ್ಣೆಯಲ್ಲೋ ಇರುತ್ತದೆ. ಉದ್ದವಾದ ಸಣ್ಣ ಹೋಸಿನಲ್ಲಿ ಗಾಳಿ ಹರಿಯುವಾಗ ಒತ್ತಡ ಇಳಿಯುತ್ತದೆ, ಆದ್ದರಿಂದ ಕಂಪ್ರೆಸರಿನ ಗೇಜ್ ತೋರಿಸುವುದೇ ಗನ್ನಿಗೆ ತಲಪುತ್ತದೆ ಎಂದು ತಿಳಿಯಬಾರದು.

ಮಳೆಗಾಲದ ಲೆಕ್ಕವನ್ನು ನಮ್ಮ ಜಿಲ್ಲೆಯವರು ಪ್ರತ್ಯೇಕವಾಗಿ ಮಾಡಿ ನೋಡಬೇಕು. 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 30 ಗ್ರಾಂ ನೀರಿನ ಆವಿಯನ್ನು ಹಿಡಿಯಬಲ್ಲದು. ತೇವಾಂಶ 90 ಶೇಕಡಾ ಇರುವ ದಿನ ಅದರಲ್ಲಿ 27 ಗ್ರಾಂ ಇರುತ್ತದೆ. ಅಂಥ 8 ಘನ ಮೀಟರ್ ಗಾಳಿಯನ್ನು ಗೇಜಿನಲ್ಲಿ 7 ಬಾರ್ ಬರುವಂತೆ ಒತ್ತಿದರೆ ಅದು ಸುಮಾರು 1 ಘನ ಮೀಟರಿಗೆ ಇಳಿಯುತ್ತದೆ. ಒಳಗಿರುವ ನೀರು 216 ಗ್ರಾಂ. ಟ್ಯಾಂಕ್ ತಣ್ಣಗಾದಾಗ ಆ ಗಾಳಿ ಹಿಡಿಯಬಲ್ಲದ್ದು 30 ಗ್ರಾಂ ಮಾತ್ರ. ಉಳಿದ 180 ಗ್ರಾಮಿಗೂ ಹೆಚ್ಚು ನೀರು ಟ್ಯಾಂಕಿನ ತಳಕ್ಕೆ, ಫಿಲ್ಟರಿಗೆ, ಹೋಸಿಗೆ ಸೇರುತ್ತದೆ. ಈ ನೀರು ಗನ್ನಿನ ಗಾಳಿ ಸಿಲಿಂಡರಿಗೆ ತುಕ್ಕು ಹಿಡಿಸಿ ಸೀಲುಗಳನ್ನು ಕೆಡಿಸುತ್ತದೆ. ಟ್ಯಾಂಕಿನ ತಳವನ್ನು ಒಳಗಿನಿಂದ ತೆಳುವಾಗಿಸುತ್ತದೆ. ಒತ್ತಡದ ಟ್ಯಾಂಕ್ ಒಳಗಿನಿಂದ ತೆಳುವಾಗುವುದು ಹೊರಗೆ ಕಾಣುವುದಿಲ್ಲವಾದ್ದರಿಂದ, ತಳದ ನಲ್ಲಿಯನ್ನು ದಿನವೂ ತೆರೆದು ನೀರು ಹೊರಹಾಕುವುದು ನನ್ನ ದೃಷ್ಟಿಯಲ್ಲಿ ಗನ್ನಿಗೆ ಎಣ್ಣೆ ಹಾಕುವುದಕ್ಕಿಂತ ಮುಖ್ಯವಾದ ಕೆಲಸ.

ಹೋಸನ್ನು ಕಳಚುವುದಕ್ಕೆ ಮೊದಲು ಗಾಳಿಯನ್ನು ಮುಚ್ಚಿ ಒಳಗಿನ ಒತ್ತಡ ಬಿಡಬೇಕು. ಇಲ್ಲವಾದರೆ ತುದಿಯ ಲೋಹದ ಕಪ್ಲರ್ ಮುಖಕ್ಕೆ ಬೀಸುತ್ತದೆ. ಬಟ್ಟೆಯ ಮೇಲಿನ ಪುಡಿ ಕೊಡವಲು ಗಾಳಿಯನ್ನು ಮೈಗೆ ಹಿಡಿಯುವುದನ್ನು ಎಲ್ಲ ಕಡೆ ಕಾಣುತ್ತೇವೆ. ಗಾಯದ ಮೂಲಕ ಗಾಳಿ ಚರ್ಮದೊಳಗೆ ಹೊಕ್ಕರೆ ಜೀವಕ್ಕೇ ಅಪಾಯ. ಸ್ನೇಹಿತರು ಹೀಗೆ ಮಾಡಿದರೆ ದಾಕ್ಷಿಣ್ಯವಿಲ್ಲದೆ ತಡೆಯಿರಿ.

ಗನ್ನಿನ ಹಿಂಬದಿ

ಹೊಸಬರೆಲ್ಲ ಮೂತಿಯ ಕಡೆಗೆ ಎಚ್ಚರವಹಿಸುತ್ತಾರೆ. ಆದರೆ ಮುರಿದ ಕಡ್ಡಿ ಹೋಗುವುದು ಹಿಂದಕ್ಕೆ. ಹಲವು ಗನ್ನುಗಳಲ್ಲಿ ಗಾಳಿಯ ಸೆಳೆತವೇ ಅದನ್ನು ಹಿಂದಿನ ಬಾಟಲಿಗೆ ಒಯ್ಯುತ್ತದೆ. ಬಾಟಲಿ ತುಂಬಿದಾಗ ಅದನ್ನು ಕಳಚಿ ಹಾಗೆಯೇ ಕೆಲಸ ಮುಂದುವರಿಸಿದರೆ, ಚೂಪಾದ ತುದಿಯ ಉಕ್ಕಿನ ಕಡ್ಡಿ ಹಿಂದೆ ನಿಂತವರ ಕಡೆಗೆ, ಏಣಿಯ ಮೇಲೆ ಗನ್ ಎತ್ತಿ ಹಿಡಿದಿದ್ದರೆ ನಮ್ಮ ಕಣ್ಣಿನ ಕಡೆಗೇ ಹಾರುತ್ತದೆ. ನಾವು ತರಬೇತಿ ಪಡೆದ ಕಡೆ ಜೊತೆಗಾರನೊಬ್ಬನ ಹುಬ್ಬಿಗೆ ಹೀಗೆಯೇ ಪೆಟ್ಟಾಯಿತು. ಅರ್ಧ ಅಂಗುಲ ಕೆಳಗೆ ತಗಲಿದ್ದರೆ ಕಣ್ಣು ಹೋಗುತ್ತಿತ್ತು. ಬಾಟಲಿ ಅರ್ಧಕ್ಕಿಂತ ಹೆಚ್ಚು ತುಂಬಿದೊಡನೆ ಗಾಳಿಯನ್ನು ಕಳಚಿ ಬರಿದು ಮಾಡಿ, ಮತ್ತೆ ಜೋಡಿಸಿದ ಮೇಲೆಯೇ ಟ್ರಿಗರ್ ಮುಟ್ಟಬೇಕು. 1948ರ ಕಾರ್ಖಾನೆ ಕಾಯ್ದೆಯ 35ನೆಯ ಸೆಕ್ಷನ್ ಕಣ್ಣಿನ ರಕ್ಷಣೆಗಾಗಿಯೇ ಇತ್ತು. ಮನೆಯ ಅಂಗಳದಲ್ಲಿ ಮಾಡುವ ಕೆಲಸವನ್ನು ಕೇಳಲು ಯಾವ ತಪಾಸಣಾಧಿಕಾರಿಯೂ ಬರುವುದಿಲ್ಲ. ಪಕ್ಕ ಮುಚ್ಚಿದ ಕನ್ನಡಕವನ್ನು ಅಲ್ಲಿಯೂ ಹಾಕಿಕೊಳ್ಳಿ. ಕಂಪ್ರೆಸರ್ ಪಕ್ಕದಲ್ಲೇ ಓಡುತ್ತಿದ್ದರೆ ಕಿವಿಗೂ ರಕ್ಷಣೆ ಬೇಕು.

ಕಡ್ಡಿಗಳನ್ನು ನೆಲಕ್ಕೆ ಬೀಳಲು ಬಿಡಬಾರದೆಂಬುದಕ್ಕೆ ನಮ್ಮ ಊರಿನಲ್ಲಿ ಇನ್ನೊಂದು ಕಾರಣವಿದೆ. ಅಡಿಕೆ ಒಣಗಿಸುವ ಅಂಗಳದಲ್ಲಿ ಬರಿಗಾಲಿನಲ್ಲಿ ನಡೆಯುವವರಿದ್ದಾರೆ, ಹಟ್ಟಿಯ ಪಕ್ಕ ಹುಲ್ಲು ಬಿದ್ದಿರುತ್ತದೆ. ಹುಲ್ಲಿನ ಜೊತೆ ಹಸುವಿನ ಹೊಟ್ಟೆ ಸೇರಿದ ಉಕ್ಕಿನ ಚೂರು ಜಠರವನ್ನು ಚುಚ್ಚಿ ಹೃದಯದವರೆಗೂ ಹೋಗಬಲ್ಲದು. ಕೆಲಸ ಮುಗಿಸಿ ಹೊರಡುವಾಗ ಅಯಸ್ಕಾಂತವೊಂದನ್ನು ನೆಲದ ಮೇಲೆ ಆಡಿಸಿದರೆ ಐದು ನಿಮಿಷದಲ್ಲಿ ಎಲ್ಲವೂ ಸಿಗುತ್ತವೆ.

ಒತ್ತುವಾಗ, ಒತ್ತಿದ ಮೇಲೆ

ಮೂತಿಯ ತುದಿಯ ನೋಸ್‌ಪೀಸ್ ರಿವೆಟಿನ ಅಳತೆಗೆ ಹೊಂದಿರಬೇಕು. ದೊಡ್ಡದಾದರೆ ರಿವೆಟಿನ ತಲೆ ಅದರೊಳಗೆ ಎಳೆಯಲ್ಪಟ್ಟು ವಿಕಾರವಾಗುತ್ತದೆ, ಸಣ್ಣದಾದರೆ ಕಡ್ಡಿ ಹೋಗುವುದಿಲ್ಲ. ಅದನ್ನು ಬದಲಿಸುವಾಗ, ದವಡೆ ಸ್ವಚ್ಛಗೊಳಿಸುವಾಗ ಹೋಸ್ ಕಳಚಿಯೇ ಇರಲಿ. ಗನ್ನನ್ನು ತಗಡಿಗೆ ನೇರವಾಗಿ ಹಿಡಿದು, ರಿವೆಟಿನ ತಲೆ ತಗಡಿಗೆ ಪೂರ್ತಿ ಕೂತಿರುವಂತೆ ಒತ್ತಿ, ಆಮೇಲೆ ಟ್ರಿಗರ್ ಎಳೆಯಬೇಕು. ಗನ್ ಓರೆಯಾದರೆ ತಲೆಯ ಒಂದು ಬದಿ ಎದ್ದು ನಿಲ್ಲುತ್ತದೆ.

ಕೂರಿಸಿದ ಮೇಲೆ ತಲೆಯ ಅಡಿಗೆ ತೆಳುವಾದ ಕಾಗದ ತೂರಿಸಿ ನೋಡಿ, ಹೋದರೆ ಕೂತಿಲ್ಲ. ಸಾಧ್ಯವಿದ್ದ ಕಡೆ ಹಿಂಬದಿಯ ಉಬ್ಬನ್ನೂ ನೋಡಿ. ಕಡ್ಡಿ ತಲೆಯಿಂದ ಹೊರಗೆ ಚಾಚಿಕೊಂಡು ಮುರಿದಿದ್ದರೆ ಉದ್ದ ಅಥವಾ ತೂತು ತಪ್ಪಿದೆ. ದವಡೆ ಜಾರಿ ಕಡ್ಡಿಯ ಮೇಲೆ ಗೀರುಗಳಷ್ಟೇ ಉಳಿದಿದ್ದರೆ ಹಲ್ಲುಗಳ ನಡುವೆ ಲೋಹದ ಪುಡಿ ತುಂಬಿದೆ ಅಥವಾ ಹಲ್ಲು ಸವೆದಿದೆ.

ತಪ್ಪಿದ ರಿವೆಟನ್ನು ತೆಗೆಯುವಾಗ ತಲೆಯ ನಡುವೆ ಉಳಿದ ಕಡ್ಡಿಯ ತುಂಡನ್ನು ಪಂಚಿನಿಂದ ಮೊದಲು ಹಿಂದಕ್ಕೆ ಹೊಡೆದುಬಿಡಿ. ಉಕ್ಕಿನ ಆ ತುಂಡು ಅಲ್ಲೇ ಇದ್ದರೆ ಬಿಟ್ ಜಾರಿ ತಗಡನ್ನು ಗೀರುತ್ತದೆ. ಆಮೇಲೆ ಮೊದಲಿನದೇ ಬಿಟ್‌ನಿಂದ ತಲೆಯನ್ನಷ್ಟೇ ಕೊರೆಯಿರಿ. ತಲೆ ಬಿಟ್‌ನೊಡನೆ ಸುತ್ತತೊಡಗಿದರೆ ನಿಲ್ಲಿಸಿ ಇಕ್ಕಳದಿಂದ ಹಿಡಿಯಿರಿ, ಸುತ್ತುತ್ತಿರುವ ರಿವೆಟನ್ನು ಬೆರಳಿನಿಂದ ತಡೆಯಬೇಡಿ. ಖಾಲಿಯಾದ ತೂತನ್ನು ಅಳೆದು ನೋಡಿ, 4.1 ಇದ್ದದ್ದು 4.4 ಆಗಿದ್ದರೆ ಅದೇ ರಿವೆಟನ್ನು ಮತ್ತೆ ಹಾಕದೆ, 4.9ಕ್ಕೆ ಕೊರೆದು 4.8ರದನ್ನು ಹಾಕಿ. ಮಾವನ ಮನೆಯ ದಂಬೆಯನ್ನು ನಾನು ಕೊನೆಗೆ ಸರಿಪಡಿಸಿದ್ದು ಹೀಗೆಯೇ, ಮಳೆ ಬಿಡುವು ಕೊಟ್ಟ ಎರಡು ಮಧ್ಯಾಹ್ನಗಳಲ್ಲಿ.